ಹದಿನೆಂಟನೇ ಸಾಲಿನ ಕಾಫಿ ಡಬ್ಬಿ

ಭಾನುವಾರ, ಸೆಪ್ಟೆಂಬರ್ 8

ಇದನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಇವತ್ತು ಆಟ ಮುಗಿದ ಮೇಲೆ ನಾನು ಲೆನ್ ಹೆಸರಿನಲ್ಲಿ ಒಂದು ಚೀಟಿ ಬರೆದು ಕಾಫಿ ಡಬ್ಬಿಗೆ ಹಾಕಿದೆ. ನನ್ನ ಗಂಡ ಲೆನ್ ತೀರಿಹೋಗಿ ಆರು ತಿಂಗಳಾಗುತ್ತ ಬಂತು.

ಡಬ್ಬಿ ಬರ್ನಿಯದು. ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಮ್ಮ ಹದಿನೆಂಟನೇ ಸಾಲಿನ ತುದಿಯ ಸೀಟು ಅವನದು. ಮೂವತ್ತು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತನಾದವನು. ತಂಡಕ್ಕೆ ಹೊಸ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಬಂದು ಮೊದಲ ಪಂದ್ಯ ಆಡಿದ ದಿನ ಸಾಲಿನ ಪ್ರತಿಯೊಬ್ಬರೂ ಅವನ ಬಗ್ಗೆ ಒಂದೇ ಒಂದು ಮಾತು ಬರೆದು, ಮಡಚಿ, ಡಬ್ಬಿಗೆ ಹಾಕಬೇಕು. ಯಾರೂ ಯಾರದನ್ನೂ ನೋಡುವಂತಿಲ್ಲ. ಅವನು ತಂಡ ಬಿಟ್ಟು, ಅವನ ಜಾಗಕ್ಕೆ ಬಂದವನು ನಮ್ಮ ನೆಲದಲ್ಲಿ ಮೊದಲ ಪಂದ್ಯ ಗೆದ್ದ ದಿನವೇ ಡಬ್ಬಿ ತೆರೆಯುವುದು. ಒಬ್ಬೊಬ್ಬನಿಗೆ ಒಂದೊಂದು ಡಬ್ಬಿ. ಹಿಂದಿನವನು ಗ್ಯಾರಟ್ ಸ್ಟಾಲ್‌ನ ಡಬ್ಬಿ ಹದಿನಾಲ್ಕು ವರ್ಷದಿಂದ ಮುಚ್ಚಿಯೇ ಇದೆ. ಅದರಲ್ಲಿ ಲೆನ್ ಬರೆದ ಚೀಟಿ ಇದೆ. ನನ್ನದಿಲ್ಲ. ಆಗಿನ್ನೂ ನಾನು ಲೆನ್‌ನನ್ನು ಕಂಡಿರಲಿಲ್ಲ.

ಸ್ಟಾಲ್ ಚಳಿಗಾಲದಲ್ಲಿ ಆಟ ಬಿಟ್ಟ. ಇವತ್ತು ಅವನ ಜಾಗದಲ್ಲಿ ಇಳಿದವನು ಮೈಕಾ ಟ್ರೂಯಿಟ್, ಇಪ್ಪತ್ತೆರಡು ವರ್ಷದವನು. ಅವನ ತಂಡ ಮೂರು ಅಂಕದಲ್ಲಿ ಸೋತಿತು. ಎರಡು ಸಲ ಅವನು ಎಸೆದ ಚೆಂಡನ್ನು ಎದುರಾಳಿಗಳು ಹಿಡಿದುಕೊಂಡು ಓಡಿದರು. ಒಂದು ಸಲ ಮಾತ್ರ, ಬೀಳುತ್ತಲೇ ಎಸೆದದ್ದು, ನಲವತ್ತು ಗಜ ಹಾರಿ ಸರಿಯಾದ ಕೈಗೇ ಹೋಯಿತು. ಆ ಕ್ಷಣದ ಸದ್ದು ನನ್ನ ಇಯರ್‌ಪ್ಲಗ್ ದಾಟಿ ಒಳಗೆ ಬಂತು. ಕಿವಿ ಪರೀಕ್ಷೆಯೇ ನನ್ನ ವೃತ್ತಿಯಾದ್ದರಿಂದ ಹದಿಮೂರು ವರ್ಷದಲ್ಲಿ ಒಂದು ಪಂದ್ಯವನ್ನೂ ನಾನು ಅವಿಲ್ಲದೆ ನೋಡಿಲ್ಲ.

ಆಟ ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ಬರ್ನಿಯ ಟ್ರಕ್ಕಿನ ಹಿಂದೆ ಎಂದಿನಂತೆ ಸಾಸೇಜ್ ಸುಡುತ್ತಿದ್ದರು.

"ಅವನ ಕಣ್ಣು ನೋಡಿದ್ರಾ?" ಎಂದ ಬರ್ನಿ. "ಯಾರಿಗೆ ಎಸೀಬೇಕೋ ಅವನನ್ನೇ ಮೊದಲಿಂದ ದಿಟ್ಟಿಸ್ತಾನೆ. ಎದುರಾಳಿಗೆ ಮುಂಚೆನೇ ಕಾಗದ ಬರೆದು ತಿಳಿಸಿದ ಹಾಗೆ."

"ಅವನಿಗೇನು ನಿನ್ನ ಬಸ್ಸಿನ ಕನ್ನಡಿ ಇದ್ಯಾ, ನಾಲ್ಕೂ ಕಡೆ ನೋಡೋಕೆ?" ಎಂದಳು ಡೆಲೋರಿಸ್. ನನ್ನ ಎಡಗಡೆಯ ಸೀಟಿನವಳು, ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿದ್ದವಳು. "ಮೊದಲ ದಿನ ನೀನು ಬಸ್ಸನ್ನ ಎಲ್ಲಿಗೆ ಹತ್ತಿಸಿದ್ದೆ, ಹೇಳ್ಲಾ ಇವರಿಗೆ?"

"ಹಿಮ ಬಿದ್ದಿತ್ತು ಕಣೆ."

"ಜೂನ್‌ನಲ್ಲಿ."

ಬರ್ನಿ ಸಾಸೇಜ್ ತಿರುಗಿಸಿದ.

"ಆ ಎಡಗಡೆ ದಪ್ಪನೆಯವನು ಎದುರಾಳೀನ ತಡೀಲಿಲ್ಲ, ಅದಕ್ಕೇ ಈ ಹುಡುಗ ನೆಲಕ್ಕೆ ಬಿದ್ದ," ಎಂದು ಡೆಲೋರಿಸ್ ಮುಂದುವರಿಸಿದಳು. "ಎದ್ದವನು ಏನು ಮಾಡ್ದ? ಆ ದಪ್ಪನನ್ನೇ ಕೈ ಹಿಡಿದು ಎಬ್ಬಿಸ್ದ. ಅಂಥೋನು ನಿಲ್ತಾನೆ."

"ಕೈ ಹಿಡಿದು ಎಬ್ಬಿಸೋಕೆ ನರ್ಸ್ ಸಾಕು. ನಮಗೆ ಬೇಕಿರೋದು ಎಸೆಯೋನು."

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಬರ್ನಿ ಮೆಲ್ಲಗೆ ಕೇಳಿದ: "ಲೆನ್ ಇದ್ದಿದ್ರೆ ಏನಂತಿದ್ದ, ಮಾರ್ಗೊ?"

ಸ್ಟಾಲ್‌ನ ವಿಷಯದಲ್ಲಿ ಲೆನ್ ಏನೆಂದಿದ್ದ ಎಂಬುದು ಇಡೀ ಸಾಲಿಗೆ ಬಾಯಿಪಾಠ. "ಮೊದಲ ದಿನವೇ ಹೇಳಿದ್ದೆ, ಇವನು ಹತ್ತು ವರ್ಷದ ಆಸಾಮಿ ಅಂತ." ಗೆದ್ದರೂ ಹೇಳುತ್ತಿದ್ದ, ಸೋತರೂ ಹೇಳುತ್ತಿದ್ದ. ಬರ್ನಿ ಕೊಟ್ಟ ಚೀಟಿ ಹಿಡಿದು ನಾನು ಬಹಳ ಹೊತ್ತು ನಿಂತೆ. ನನಗೆಂದು ಒಂದು ಅಭಿಪ್ರಾಯ ಇರಲಿಲ್ಲ. "ಇವನಿಗೆ ಟೈಮ್ ಕೊಡಿ. — ಲೆನ್" ಎಂದು ಬರೆದು ಹಾಕಿದೆ.

ಇನ್ನೊಂದು ವಿಷಯವೂ ಇದೆ. ಲೆನ್‌ನ ಹನ್ನೊಂದನೇ ನಂಬರಿನ ಸೀಟು ಇವತ್ತು ಖಾಲಿ ಇತ್ತು. ಅದರ ಮೇಲೆ ಅವನ ಕೋಟು ಹಾಕಿದ್ದೆ. ಅದು ಖಾಲಿ ಇರಬೇಕಾಗಿರಲಿಲ್ಲ. ಅವನ ಮೊದಲ ಮದುವೆಯ ಮಗಳು ಟೆಸ್ ಜುಲೈನಲ್ಲೇ ಕಾಗದ ಬರೆದಿದ್ದಳು: "ಹೊಸ ಹುಡುಗನ ಮೊದಲ ಪಂದ್ಯ ಅಪ್ಪನ ಸೀಟಿನಲ್ಲಿ ಕೂತು ನೋಡಬೇಕು ಅಂತ ಆಸೆ. ಆ ಒಂದು ದಿನ ಮಾತ್ರ." ನಾನು ಉತ್ತರ ಬರೆಯಲಿಲ್ಲ. ಬೇಡ ಎಂದೂ ಬರೆಯಲಿಲ್ಲ.

ಮಂಗಳವಾರ, ಸೆಪ್ಟೆಂಬರ್ 10

ಕ್ಲಬ್ಬಿನವರ ಫಾರಂ ಅಡುಗೆಮನೆಯ ಮೇಜಿನ ಮೇಲೆ ಹಾಗೇ ಇದೆ. ಸೀಟಿನ ಹಕ್ಕುದಾರರು ತೀರಿಕೊಂಡರೆ ಹೆಂಡತಿ ಅಥವಾ ಮಕ್ಕಳಲ್ಲಿ ಒಬ್ಬರ ಹೆಸರಿಗೆ ಮಾಡಿಸಬಹುದು. ಒಬ್ಬರ ಹೆಸರಿಗೆ ಮಾತ್ರ. ಎರಡೂ ಸೀಟು ಒಟ್ಟಿಗೇ ಹೋಗಬೇಕು, ಬೇರೆ ಮಾಡುವಂತಿಲ್ಲ. ಅಕ್ಟೋಬರ್ ಮೂವತ್ತೊಂದರೊಳಗೆ ತಲುಪದಿದ್ದರೆ ಎರಡೂ ಕಾಯುವವರ ಪಟ್ಟಿಗೆ ಹೋಗುತ್ತವೆ. ಆ ಪಟ್ಟಿಯಲ್ಲಿ ಹುಟ್ಟಿದ ದಿನವೇ ಹೆಸರು ಬರೆಸಿಕೊಂಡು ಈಗ ಮೊಮ್ಮಕ್ಕಳನ್ನು ಕಂಡವರಿದ್ದಾರೆ.

ನನ್ನ ಹೆಸರು ಬರೆದರೆ ಮುಗಿಯಿತು. ಕಾನೂನು ಅದನ್ನೇ ಹೇಳುತ್ತದೆ. ಪೆನ್ನು ತೆಗೆದುಕೊಂಡೆ, ಆಮೇಲೆ ಪಾತ್ರೆ ತೊಳೆದೆ.

ನಾನು ಕೂರುವ ಹನ್ನೆರಡನೇ ನಂಬರು ಟೆಸ್‌ಳ ಸೀಟಾಗಿತ್ತು. ಐದನೇ ವಯಸ್ಸಿನಿಂದ. ನಾನು ಲೆನ್‌ನನ್ನು ಮದುವೆಯಾದ ವರ್ಷ ಅವಳಿಗೆ ಹದಿನಾಲ್ಕು. ಒಂದು ಭಾನುವಾರ ಅವಳೇ, "ಈ ಸಲ ನೀವು ಹೋಗಿ ನೋಡಿ ಬನ್ನಿ," ಎಂದಳು. ಮರ್ಯಾದೆಗೆ ಹೇಳಿದಳು. ನಾನೂ ಮರ್ಯಾದೆಗೇ ಹೋದೆ. ಮುಂದಿನ ವಾರ ಲೆನ್, "ಬರ್ತೀಯಾ?" ಎಂದ. ಅವಳು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹಾಗೆ ಹದಿಮೂರು ವರ್ಷ.

ನನಗೆ ಆಟ ಇಷ್ಟವಿತ್ತೇ ಎಂದರೆ, ಇಲ್ಲ. ಅವನ ಪಕ್ಕ ಕೂರುವುದು ಇಷ್ಟವಿತ್ತು. "ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತೆ. ಎಸೆಯೋದೋ, ಪಕ್ಕದವನಿಗೆ ಕೊಡೋದೋ, ಹಿಡ್ಕೊಂಡು ಓಡೋದೋ, ಮೂರು ಸೆಕೆಂಡು. ಅಷ್ಟೇ ಅವನಿಗೆ ಇರೋದು," ಎಂದು ಮೊದಲ ದಿನ ನನ್ನ ಅಂಗೈ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ್ದ. ಆ ಪಂದ್ಯದಲ್ಲಿ ಯಾರು ಗೆದ್ದರೋ ನೆನಪಿಲ್ಲ.

ಭಾನುವಾರ, ಸೆಪ್ಟೆಂಬರ್ 22

ಸೋಲು. ದೊಡ್ಡ ಸೋಲು. ಬರ್ನಿ ನಾಲ್ಕನೇ ಭಾಗಕ್ಕೆ ಮೊದಲೇ ಎದ್ದು ಹೋಗಿ ಟ್ರಕ್ಕಿನಲ್ಲಿ ಕೂತಿದ್ದ. ಮೂವತ್ತು ವರ್ಷದಲ್ಲಿ ಹಾಗೆ ಮಾಡಿರಲಿಲ್ಲವಂತೆ.

"ಇವನು ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್‌ವರೆಗೂ ಇರಲ್ಲ. ಬರೆದಿಟ್ಕೊಳ್ಳಿ."

"ಬರೆದು ಡಬ್ಬಿಗೆ ಹಾಕಿದ್ದೀಯಲ್ಲ, ಮತ್ತೆ ಯಾಕೆ ಬಾಯಲ್ಲಿ ಹೇಳ್ತೀಯ?" ಎಂದಳು ಡೆಲೋರಿಸ್.

ಹನ್ನೊಂದರ ಮೇಲೆ ಕೋಟು. ಗಾಳಿ ಸರೋವರದ ಕಡೆಯಿಂದ ಬೀಸುತ್ತಿತ್ತು. ಒಂದು ತೋಳು ಎದ್ದು ನನ್ನ ಮೊಣಕಾಲಿನ ಮೇಲೆ ಬಿತ್ತು. ತೆಗೆಯಲಿಲ್ಲ.

ಬುಧವಾರ, ಸೆಪ್ಟೆಂಬರ್ 25

ಟೆಸ್‌ಗೆ ಎರಡು ಸಾಲು ಬರೆದೆ. ಹರಿದೆ.

ಭಾನುವಾರ, ಅಕ್ಟೋಬರ್ 6

ಮತ್ತೆ ಸೋಲು. ಆದರೆ ಒಂದು ವಿಷಯ ಗಮನಿಸಿದೆ, ಅದನ್ನು ಬರೆಯಬೇಕು.

ಪ್ರತಿ ಸಲ ಆಡುವ ಮೊದಲು ಆಟಗಾರರೆಲ್ಲ ಸುತ್ತುಗಟ್ಟಿ ನಿಂತು ಮಾತಾಡಿಕೊಳ್ಳುವಾಗ ಟ್ರೂಯಿಟ್ ಯಾವಾಗಲೂ ಬಲಗಿವಿಯನ್ನೇ ಮುಂದಕ್ಕೆ ಒಡ್ಡುತ್ತಾನೆ. ಎಡಗಡೆಯವನು ಏನಾದರೂ ಹೇಳಿದರೆ ಇಡೀ ಮೈ ತಿರುಗಿಸುತ್ತಾನೆ. ಕ್ಲಿನಿಕ್ಕಿನಲ್ಲಿ ಇಂಥ ಕತ್ತುಗಳನ್ನು ದಿನಾ ನೋಡುತ್ತೇನೆ. ಕಿವಿಯ ತೊಂದರೆ ಎನ್ನಲಾರೆ. ಅಷ್ಟು ದೂರದಿಂದ ಹಾಗೆ ಹೇಳುವುದು ತಪ್ಪು. ಬರೀ ಅಭ್ಯಾಸವಿರಬಹುದು. ಆದರೆ ನಮ್ಮವರ ಕೈಯಲ್ಲಿ ಚೆಂಡಿದ್ದಾಗ ನಾವು ಸುಮ್ಮನಿರಬೇಕು, ಎದುರಾಳಿಗಳ ಕೈಗೆ ಹೋದಾಗ ಕಿರುಚಬೇಕು. ಈ ಊರಿನ ಮಕ್ಕಳಿಗೂ ಗೊತ್ತಿರುವ ವಿಷಯ. ಈ ವರ್ಷ ಹಿಂದಿನ ಸಾಲುಗಳಲ್ಲಿ ಹೊಸಬರು ತುಂಬಿಕೊಂಡಿದ್ದಾರೆ. ಎಲ್ಲದಕ್ಕೂ ಕಿರುಚುತ್ತಾರೆ.

ಮೂರನೇ ಭಾಗದಲ್ಲಿ ಅವನು ಎರಡೂ ಅಂಗೈಗಳನ್ನು ಹೆಲ್ಮೆಟ್ಟಿನ ಕಿವಿಗಳ ಮೇಲೆ ಒತ್ತಿ ಹಿಡಿದುಕೊಂಡು ನಿಂತ. ನಾನು ಎದ್ದು ಹಿಂದಕ್ಕೆ ತಿರುಗಿ, "ಬಾಯಿ ಮುಚ್ಕೊಂಡು ಕೂತ್ಕೊಳ್ರೀ, ಅವನಿಗೆ ಕೇಳಿಸ್ತಿಲ್ಲ," ಎಂದೆ. ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ಹತ್ತು ಸಾಲು ಸುಮ್ಮನಾಯಿತು.

ಬರ್ನಿ ನನ್ನನ್ನೇ ನೋಡುತ್ತಿದ್ದ. "ಈ ಹೆಂಗಸು ಮಾತಾಡ್ತಾಳೆ ಅಂತ ನನಗೆ ಗೊತ್ತೇ ಇರ್ಲಿಲ್ಲ," ಎಂದ ಡೆಲೋರಿಸ್‌ಗೆ.

"ಲೆನ್ ಬಿಟ್ರೆ ತಾನೆ ಮಾತಾಡೋದು."

ನಾವು ಆ ಸಲ ಎದುರಾಳಿಯ ಗೆರೆ ದಾಟಿ ಟಚ್‌ಡೌನ್ ಗಳಿಸಿದೆವು. ಸಾಲಲಿಲ್ಲ, ನಾಲ್ಕು ಅಂಕದಲ್ಲಿ ಸೋತೆವು. ಆದರೂ ಬರ್ನಿ ಹೇಳುವಷ್ಟು ಕೆಟ್ಟದಾಗಿ ಆಡುತ್ತಿಲ್ಲ ಹುಡುಗ. ಅವನ ಕಾಲುಗಳನ್ನು ನೋಡಬೇಕು, ಕಣ್ಣನ್ನಲ್ಲ. ಕಾಲು ಮೊದಲೇ ತೀರ್ಮಾನ ಮಾಡಿರುತ್ತದೆ.

ಇದನ್ನು ಲೆನ್‌ಗೆ ಹೇಳಬೇಕೆಂದು ಕಾರಿನ ತನಕ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಂದೆ. ಅವನ ಬದಿಯ ಬಾಗಿಲು ತೆರೆದು ಕೋಟನ್ನು ಕೂರಿಸಿದೆ.

ಗುರುವಾರ, ಅಕ್ಟೋಬರ್ 10

ಡೆಲೋರಿಸ್ ಕಿವಿ ಪರೀಕ್ಷೆಗೆ ಬಂದಿದ್ದಳು. ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿದೆ. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಸಣ್ಣ ಸ್ವರಗಳು ಬಂದಾಗ ಅವಳ ಬೆರಳು ಅಲುಗಲೇ ಇಲ್ಲ.

ಮೈಕಿನಲ್ಲಿ, "ಇನ್ನೊಂದು ಸಲ ನೋಡೋಣ," ಎಂದೆ.

"ನೀನು ಏನೂ ಕಳಿಸ್ತಿಲ್ಲ, ಸುಳ್ಳು ಹೇಳ್ಬೇಡ."

"ಕಳಿಸ್ತಿದ್ದೀನಿ ಕಣೆ."

ಅವಳು ಗಾಜಿನ ಆಚೆಯಿಂದ ನನ್ನನ್ನು ನೋಡಿದಳು. "ಟೆಸ್ ಕೂಗ್ತಿದ್ದದ್ದು ಮಾತ್ರ ಈಗ್ಲೂ ಈ ಬಲಗಿವೀಲಿದೆ. ಏಳು ವರ್ಷದ ಹುಡುಗಿ, ಅಷ್ಟು ದೊಡ್ಡ ಗಂಟಲು. ಅವಳು ಯಾಕೆ ಬರ್ತಿಲ್ಲ, ಮಾರ್ಗೊ?"

"ಕೊಲಂಬಸ್‌ನಲ್ಲಿದ್ದಾಳೆ. ದೂರ."

"ಎರಡೂವರೆ ಗಂಟೆ. ಫ್ಲೋರಿಡಾದಿಂದ ಬರೋರಿದ್ದಾರೆ ನಮ್ಮ ಸಾಲಿಗೆ."

ನಾನು ಗುಂಡಿ ತಿರುಗಿಸಿ ಮುಂದಿನ ಸ್ವರ ಕಳಿಸಿದೆ. ಡೆಲೋರಿಸ್ ಒತ್ತಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ಒತ್ತಲಿಲ್ಲವೋ, ವರದಿಯಲ್ಲಿ ಏನು ಬರೆಯಬೇಕೆಂದು ಯೋಚಿಸುತ್ತ ಕೂತೆ.

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಆ ಫಾರಂ ಕೊನೇ ದಿನದವರೆಗೆ ಇಟ್ಕೋಬೇಡ. ಅಂಚೆಯವರನ್ನ ನಂಬು, ಆದ್ರೆ ಅಷ್ಟೊಂದು ನಂಬಬೇಡ. ನಾನು ಒಳಗಿದ್ದೋಳು."

ಬುಧವಾರ, ಅಕ್ಟೋಬರ್ 16

ಸೀಟು ಕೊಟ್ಟುಬಿಟ್ಟರೆ ನನಗೆ ಭಾನುವಾರ ಉಳಿಯುವುದಿಲ್ಲ. ಇದನ್ನು ಇಷ್ಟು ನೇರವಾಗಿ ಬರೆಯುತ್ತಿರುವುದು ಇದೇ ಮೊದಲು. ಮನೆಯಲ್ಲಿ ಅವನು ಎಲ್ಲೂ ಇಲ್ಲ. ಹಾಸಿಗೆಯಲ್ಲಿಲ್ಲ, ಗ್ಯಾರೇಜಿನಲ್ಲಿಲ್ಲ. ಬಾಯ್ಲರ್ ರಿಪೇರಿ ಮಾಡುತ್ತಿದ್ದ ಸಾಮಾನುಗಳನ್ನು ಮೇ ತಿಂಗಳಲ್ಲೇ ಅವನ ಗೆಳೆಯರು ಕೊಂಡೊಯ್ದರು. ಹದಿನೆಂಟನೇ ಸಾಲಿನಲ್ಲಿ ಮಾತ್ರ, ಜನ ಎದ್ದು ನಿಂತಾಗ, ಬಲಭುಜಕ್ಕೆ ಭುಜ ತಾಗಿದಂತಾಗುತ್ತದೆ. ಕೋಟೆಂದು ಗೊತ್ತು. ಗೊತ್ತಿದ್ದರೂ.

ಅವಳಿಗೂ ಹಾಗೆಯೇ ಎಲ್ಲೂ ಸಿಗದೆ ಹೋಗಿರಬಹುದು ಎಂದು ಇವತ್ತಿನವರೆಗೆ ನನಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ಆ ಕಡೆ ನೋಡಲಿಲ್ಲ, ಅಷ್ಟೆ.

ಭಾನುವಾರ, ಅಕ್ಟೋಬರ್ 20

ಗೆದ್ದೆವು.

ಇಪ್ಪತ್ತಮೂರು, ಇಪ್ಪತ್ತು. ಕೊನೆಯ ನಿಮಿಷದಲ್ಲಿ ಟ್ರೂಯಿಟ್ ಎಡಕ್ಕೆ ನೋಡಿ ಬಲಕ್ಕೆ ಎಸೆದ. ಬರ್ನಿ ಅತ್ತುಬಿಟ್ಟ. ನನ್ನ ಗಂಟಲು ಪೂರ್ತಿ ಹೋಗಿದೆ, ನಾಳೆ ರೋಗಿಗಳ ಜೊತೆ ಹೇಗೆ ಮಾತಾಡುವುದೋ. ಕಿವಿ ಈಗಲೂ ಗುಂಯ್‌ಗುಟ್ಟುತ್ತಿದೆ. ಪ್ಲಗ್ಗುಗಳು ಇನ್ನೊಂದು ಚೀಲದಲ್ಲಿ ಉಳಿದಿದ್ದವು.

ಪಾರ್ಕಿಂಗ್‌ನಲ್ಲಿ ಬರ್ನಿ ಹಳೆಯ ಡಬ್ಬಿಯ ಟೇಪನ್ನು ಚಾಕುವಿನಿಂದ ಸೀಳಿದ. ಇನ್ನೂ ಕಾಫಿ ವಾಸನೆ ಇತ್ತು. ಒಂದೊಂದೇ ತೆಗೆದು ಗಟ್ಟಿಯಾಗಿ ಓದಿದ. ಡೆಲೋರಿಸ್‌ಳದು: "ಇವನಮ್ಮ ಇವನಿಗೆ ಸರಿಯಾಗಿ ಊಟ ಹಾಕಿಲ್ಲ." ಅವನದೇ ಚೀಟಿ: "ಥ್ಯಾಂಕ್ಸ್‌ಗಿವಿಂಗ್‌ವರೆಗೂ ಇರಲ್ಲ."

"ಎಲ್ಲರಿಗೂ ಅದನ್ನೇ ಬರೀತೀಯಾ ನೀನು?" ಎಂದಳು ಡೆಲೋರಿಸ್.

"ಒಂದಲ್ಲ ಒಂದು ದಿನ ಸರಿಹೋಗುತ್ತೆ."

ಮೂರನೆಯದನ್ನು ಬಿಡಿಸಿದವನು ಓದಲಿಲ್ಲ. ನನ್ನ ಕೈಗೆ ಕೊಟ್ಟ. ಲೆನ್‌ನ ಅಕ್ಷರ, ಎಲ್ಲವೂ ಹಿಂದಕ್ಕೆ ವಾಲಿದ್ದು. "ಎರಡು ವರ್ಷ. ಅದೂ ಹೆಚ್ಚೇ. — ಲೆನ್."

ನಾನೇ ಗಟ್ಟಿಯಾಗಿ ಓದಿದೆ. ಆಮೇಲೆ ಡೆಲೋರಿಸ್ ಟ್ರಕ್ಕಿಗೆ ಒರಗಿಕೊಂಡು ನಗಲು ಶುರುಮಾಡಿದಳು. "ಹದಿನಾಲ್ಕು ವರ್ಷ. ಹದಿನಾಲ್ಕು ವರ್ಷ ನಮ್ಮ ತಲೆ ತಿಂದ, 'ಮೊದಲ ದಿನವೇ ಹೇಳಿದ್ದೆ' ಅಂತ."

"ಕಳ್ಳ," ಎಂದ ಬರ್ನಿ, ಬಹಳ ಪ್ರೀತಿಯಿಂದ.

ನಾನೂ ನಕ್ಕೆ. ಮಾರ್ಚ್‌ನಿಂದ ಈಚೆಗೆ ಅವನ ಮೇಲೆ ನನಗೆ ಸಿಟ್ಟು ಬಂದದ್ದು ಇದೇ ಮೊದಲು. ಹಿತವಾಗಿತ್ತು.

ಡಬ್ಬಿಯ ತಳದಲ್ಲಿ ಇನ್ನೊಂದಿತ್ತು. ನೋಟ್‌ಬುಕ್ಕಿನಿಂದ ಹರಿದ ಹಾಳೆ, ನೇರಳೆ ಶಾಯಿ. ಬರ್ನಿ ಓದಿದ: "ಅಪ್ಪ ಹೇಳೋದು ತಪ್ಪು. ಇವನು ಹತ್ತು ವರ್ಷ ಇರ್ತಾನೆ. ಆಗ 'ನಾನು ಹೇಳಿರ್ಲಿಲ್ವಾ' ಅನ್ನೋಕೆ ನಾನು ಇಲ್ಲೇ ಇರ್ತೀನಿ. — ಟೆಸ್, ಸೀಟು 12."

ಯಾರೂ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ಇಬ್ಬರೂ ಎಷ್ಟು ಕಷ್ಟಪಡುತ್ತಿದ್ದರೆಂದರೆ, ನಾನೇ ಮಾತು ಶುರುಮಾಡಬೇಕಾಯಿತು. ಮೊದಲ ದಿನ ಲೆನ್ ಹೆಸರಿನಲ್ಲಿ ಚೀಟಿ ಬರೆದದ್ದು ನಾನೆಂದು ಹೇಳಿದೆ. ಹೊಸ ಡಬ್ಬಿಯಲ್ಲಿ ಸತ್ತವನ ಮಾತಿದೆ, ಅದೂ ಅವನದಲ್ಲದ ಮಾತು, ಎಂದೆ.

ಬರ್ನಿ ಗಂಭೀರನಾದ. ಅವನಿಗೆ ಡಬ್ಬಿಯ ನಿಯಮಗಳೆಂದರೆ ಚರ್ಚಿನಷ್ಟೇ. "ಹಾಕಿದ್ದನ್ನ ತೆಗೆಯೋ ಹಾಗಿಲ್ಲ," ಎಂದ.

"ಇರ್ಲಿ ಬಿಡು," ಎಂದಳು ಡೆಲೋರಿಸ್. "ಅವನು ಯಾವತ್ತು ತಪ್ಪಿಸಿದ್ದ?"

"ಆದ್ರೆ ಮಾರ್ಗೊ ಚೀಟಿ ಇಲ್ಲ. ಅಂದ್ರೆ ಅವಳು ಇನ್ನೂ ಬರೆದಿಲ್ಲ ಅಂತಾಯ್ತು." ಬರ್ನಿ ಟ್ರಕ್ಕಿನ ಒಳಗೆ ಇಣುಕಿ ಏನೋ ಹುಡುಕುವವನಂತೆ ಮಾಡಿದ. ಅಂಟಿಸುವ ಟೇಪು ಎಲ್ಲರ ಕಣ್ಣೆದುರಿಗೇ ಇತ್ತು. "ಟೇಪ್ ತಂದಿಲ್ಲ ನಾನು. ಮೂರನೇ ತಾರೀಕಿನ ಪಂದ್ಯಕ್ಕೆ ತರ್ತೀನಿ. ಅಲ್ಲಿವರೆಗೆ ತೆರೆದೇ ಇರುತ್ತೆ. ಯಾರು ಬರೆದಿಲ್ವೋ ಅವರು ಬರೀಬಹುದು."

ನೇರಳೆ ಶಾಯಿಯ ಹಾಳೆಯನ್ನು ನಾನು ಕೇಳಿ ತೆಗೆದುಕೊಂಡೆ.

ಸೋಮವಾರ, ಅಕ್ಟೋಬರ್ 21

ಸಂಜೆ ಐದೂವರೆಗೆ ಟೆಸ್‌ಗೆ ಫೋನ್ ಮಾಡಿದೆ. ನನ್ನ ದನಿ ಅವಳಿಗೆ ಗುರುತೇ ಸಿಗಲಿಲ್ಲ.

"ಹುಷಾರಿಲ್ವಾ?"

"ನಿನ್ನೆ ಕಿರುಚಿದ್ದು."

"ನೀವಾ?"

ಕ್ಷಮಿಸು ಎಂಬ ಮಾತನ್ನು ನಾನು ಬೆಳಿಗ್ಗೆಯಿಂದ ಸಿದ್ಧಮಾಡಿಕೊಂಡಿದ್ದೆ. ಅದರ ಬದಲು, "ಟ್ರೂಯಿಟ್ ಬಗ್ಗೆ ನಿನಗೇನನ್ನಿಸುತ್ತೆ?" ಎಂದು ಕೇಳಿಬಿಟ್ಟೆ.

"ಮೊಣಕೈ ಕೆಳಗೆ ಬಿಡ್ತಾನೆ. ಅದಕ್ಕೇ ಚೆಂಡು ತೇಲುತ್ತೆ," ಎಂದಳು ತಕ್ಷಣ. ಲೆನ್‌ನ ಹಾಗೇ, ಉಸಿರು ತೆಗೆದುಕೊಳ್ಳದೆ. "ಆದ್ರೆ ತಲೆ ಇದೆ. ಇನ್ನೊಂದು, ನೀವು ನೋಡಿದ್ರೋ ಇಲ್ವೋ, ಟಿವೀಲಿ ಯಾರೂ ಹೇಳ್ತಿಲ್ಲ. ಅವನು ಯಾವಾಗ್ಲೂ ಬಲಗಡೆ ಕಿವಿ ಕೊಡ್ತಾನೆ."

ಕುರ್ಚಿ ಎಳೆದುಕೊಂಡು ಕೂತೆ. "ನೋಡಿದೆ," ಎಂದೆ. "ಅವನ ಕಾಲುಗಳನ್ನೂ ನೋಡು. ಕಣ್ಣಲ್ಲ, ಕಾಲು."

"ಕಾಲೇನೂ ಚೆನ್ನಾಗಿಲ್ಲ ಬಿಡಿ."

"ಚೆನ್ನಾಗಿದೆ. ನೀನು ಟಿವೀಲಿ ನೋಡ್ತೀಯ, ನಿನಗೆ ಕಾಣಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಯಾಕೆ ಟಿವಿಯಲ್ಲಿ ನೋಡುತ್ತಾಳೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಹಾಳೆ ತೆಗೆದು ಅವಳ ಚೀಟಿ ಓದಿದೆ, ಲೆನ್‌ನದನ್ನೂ ಹೇಳಿದೆ. ಎಷ್ಟೋ ವರ್ಷ ಅವನು ಹೇಳಿಕೊಂಡು ತಿರುಗಿದ್ದು ಯಾರ ಮಾತೆಂದೂ ಹೇಳಿದೆ.

"ಹತ್ತು ವರ್ಷದ ಆಸಾಮಿ ಅಂತ ಅಪ್ಪ ಹೇಳ್ತಿದ್ರಾ? ಎಲ್ಲರಿಗೂ?"

"ಪ್ರತಿ ಭಾನುವಾರ."

"ಅದು ನನ್ನ ಮಾತು," ಎಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಕಿವಿಯ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದಿದ್ದರೂ ನನಗೆ ತಿಳಿಯಲಿಲ್ಲ.

ಸುಳ್ಳು ಹೇಳಿದನೆಂದು ನಿನ್ನೆ ನಕ್ಕಿದ್ದೆವು. ಈಗ ಹಾಗನ್ನಿಸುತ್ತಿಲ್ಲ. ಪಕ್ಕದಲ್ಲಿ ಅವಳಿಲ್ಲದಿದ್ದಾಗ ಅವಳ ಮಾತನ್ನು ತಾನೇ ಹೇಳುತ್ತಿದ್ದನೇನೋ. ನಾನು ಆ ಪಕ್ಕದಲ್ಲೇ, ಕಿವಿ ಮುಚ್ಚಿಕೊಂಡು ಕೂತಿದ್ದೆ.

ಫೋನ್ ಇಟ್ಟಾಗ ಏಳು ಗಂಟೆ. ಸೂಪ್ ಒಲೆಯ ಮೇಲೆ ಸೀದುಹೋಗಿತ್ತು. ಸೀಟಿನ ವಿಷಯ ಇಬ್ಬರೂ ಎತ್ತಲಿಲ್ಲ.

ಮಂಗಳವಾರ, ಅಕ್ಟೋಬರ್ 22

ಫಾರಂ ತುಂಬಿದೆ. ಬಿಟ್ಟುಕೊಡುವವರು: ಮಾರ್ಗೊ ಸೊಬಿಯಾಕ್. ಪಡೆಯುವವರು: ಟೆಸ್ ಸೊಬಿಯಾಕ್. ಸೀಟುಗಳು: ಹನ್ನೊಂದು, ಹನ್ನೆರಡು. ನನ್ನ ಸಹಿ ಹಾಕಿದ್ದೇನೆ. ಅವಳೂ ಸಹಿ ಹಾಕಿ ಕ್ಲಬ್ಬಿಗೆ ಕಳಿಸಬೇಕು. ಅದಕ್ಕೆ ದಿನಗಳಿವೆ.

ಮೂರನೇ ತಾರೀಕು ಹನ್ನೊಂದರಲ್ಲಿ ಯಾರು ಕೂರುತ್ತಾರೆಂದು ನನಗೆ ಗೊತ್ತಿಲ್ಲ. ಅದನ್ನು ಕೇಳಬೇಕಾದವಳು ನಾನಲ್ಲ. ಕೋಟನ್ನು ಡ್ರೈಕ್ಲೀನಿಂಗ್‌ಗೆ ಕೊಟ್ಟು ಬಂದೆ, ಅದಕ್ಕೆಲ್ಲ ಸಾಸಿವೆ ಸಾಸ್ ಮೆತ್ತಿತ್ತು.

ಲಕೋಟೆಯಲ್ಲಿ ಫಾರಂ ಜೊತೆ ಎರಡು ಹಾಳೆ ಇಟ್ಟಿದ್ದೇನೆ. ಒಂದು ನೇರಳೆ ಶಾಯಿಯದು. ಇನ್ನೊಂದು ಖಾಲಿ ಚೀಟಿ, ಬರ್ನಿಯ ಡಬ್ಬಿಗೆ. ನನ್ನ ಚೀಟಿ ಬರೆದಾಗಿದೆ. ಏನೆಂದು ಇಲ್ಲಿಯೂ ಬರೆಯುವುದಿಲ್ಲ, ನಿಯಮ ನಿಯಮವೇ.

ಫಾರಂನ ಕೊನೆಯಲ್ಲಿ ಒಂದು ಖಾನೆ ಇದೆ: ಬಿಟ್ಟುಕೊಡುವವರಿಗೂ ಪಡೆಯುವವರಿಗೂ ಇರುವ ಸಂಬಂಧ. ಅದರ ಮುಂದೆ ಅರ್ಧ ಗಂಟೆ ಕೂತಿದ್ದೆ. ಖಾಲಿ ಬಿಟ್ಟಿದ್ದೇನೆ. ಅವಳು ತುಂಬಲಿ.

ಡೆಲೋರಿಸ್ ಹೇಳಿದ್ದು, ಬೀದಿ ಮೂಲೆಯ ಅಂಚೆಪೆಟ್ಟಿಗೆಯನ್ನು ಬೆಳಿಗ್ಗೆ ಒಂಬತ್ತಕ್ಕೇ ತೆಗೆಯುತ್ತಾರಂತೆ. ಅಂಚೆಗೆ ಹಾಕುವುದು: ಬುಧವಾರ, ಅಕ್ಟೋಬರ್ 23.